ಟಿಂಬರ್‌ಬಾರ್ನ್ ಡೈರಿ: ಮೂರು ಸಲ ಗೇಟು ಹಾರಿ ಬಂದ ಕೆಟ್ಟ ನೀರು

ಟಿಂಬರ್‌ಬಾರ್ನ್ ಅಂದರೆ ಬೀವರ್‌ಗಳ (ಹೊಳೆಗೆ ಕಟ್ಟ ಕಟ್ಟುವ ಪ್ರಾಣಿ) ಊರು ಕಟ್ಟಿ ನಡೆಸುವ ಕಂಪ್ಯೂಟರ್ ಆಟ. ಅದರಲ್ಲಿ ನಾನು ಕಟ್ಟಿದ ಊರು ಹೊಸ ಪೆರ್ಲದಲ್ಲಿ ಈಗ 61 ಬೀವರ್‌ಗಳಿವೆ. ಹೋದ ವಾರ 94 ಇದ್ದವು. ಏನಾಯಿತು ಅಂತ ಬರೆದುಬಿಡುತ್ತೇನೆ, ಹೊಟ್ಟೆ ಉರಿಯಾದರೂ ಸ್ವಲ್ಪ ಇಳಿಯಲಿ.

ಶುರುವಿನ ಕಥೆ ಬೇಡ. ಫೋಕ್‌ಟೇಲ್ಸ್ ಅನ್ನುವ ಬೀವರ್ ಬಣ, ಹಾರ್ಡ್ ಮೋಡ್, ಕ್ಯಾರೆಟ್, ಮೊದಲ ಬರಕ್ಕೆ ಮುಂಚೆ ಒಂದು ಡ್ಯಾಮ್. ಎಲ್ಲರೂ ಮಾಡುವುದೇ. 2021ರ ಸೆಪ್ಟೆಂಬರಿನಲ್ಲಿ ಅರ್ಲಿ ಆಕ್ಸೆಸ್ (ಪೂರ್ತಿ ಆಗುವ ಮುಂಚೆಯೇ ಆಡಲು ಬಿಡುವ ಆವೃತ್ತಿ) ಬಂದಾಗಿಂದ ಆಡುತ್ತಿದ್ದೇನೆ, ಬರ ಅಂದರೆ ಈಗ ನನಗೆ ಹೆದರಿಕೆ ಇಲ್ಲ. ಕೆರೆಯನ್ನು ಅಗಲ ಮಾಡದೆ ಆಳ ಮಾಡಿದರೆ ಆವಿ ಕಡಿಮೆ, ಅಷ್ಟು ಗೊತ್ತಿದ್ದರೆ ಸಾಕು. ನನ್ನ ಪ್ರಾಣ ತಿಂದದ್ದು ಬ್ಯಾಡ್‌ಟೈಡ್, ಅಂದರೆ ಹೊಳೆಯಲ್ಲಿ ಕೆಲವು ದಿನ ಒಳ್ಳೆ ನೀರಿನ ಬದಲು ವಿಷದ ಕೆಂಪು ನೀರು ಬರುವ ಕಾಲ.

ನನ್ನ ಮ್ಯಾಪಿನಲ್ಲಿ ಹೊಳೆ ನಾಲ್ಕು ಚೌಕ ಅಗಲ. ಕೆರೆಯ ಬಾಯಿಗೆ ನಾಲ್ಕು ಟ್ರಿಪಲ್ ಫ್ಲಡ್‌ಗೇಟ್ (ಮೂರು ಚೌಕ ಎತ್ತರದವರೆಗೆ ಏರಿಸುವ ಗೇಟು) ಹಾಕಿದ್ದೆ. ಬ್ಯಾಡ್‌ಟೈಡ್ ಬರುವ ಸೂಚನೆ ಬಂದ ಕೂಡಲೇ ಗೇಟು ಪೂರ್ತಿ ಏರಿಸಿ ಮುಚ್ಚುವುದು, ಎಡಗಡೆಯ ಬೈಪಾಸ್ ತೋಡಿನ ಗೇಟು ಸೊನ್ನೆಗೆ ಇಳಿಸಿ ತೆರೆಯುವುದು, ಕೆಟ್ಟ ನೀರೆಲ್ಲ ಮ್ಯಾಪಿನ ಅಂಚಿನಿಂದ ಆಚೆ ಬೀಳುವುದು. ಕಾಗದದ ಮೇಲೆ ಚಂದ ಇತ್ತು.

ಮೊದಲ ಸಲ ಬೈಪಾಸಿನ ಬಾಯಿ ಒಂದೇ ಚೌಕ. ನಾಲ್ಕು ಚೌಕದ ಹೊಳೆ ಒಂದು ಚೌಕದಲ್ಲಿ ನುಗ್ಗಬೇಕು ಅಂದರೆ ಹೇಗೆ? ನೀರು ಹಿಂದಕ್ಕೆ ಏರಿತು, ಮೂರು ದಾಟಿತು, ಗೇಟಿನ ಮೇಲಿನಿಂದ ಕೆಂಪಗೆ ಕೆರೆಗೆ ಇಳಿಯಿತು. ಇದು ನನ್ನದೇ ಮಂಗಬುದ್ಧಿ, ಒಪ್ಪಿಕೊಂಡೆ. ಬಾಯಿಯನ್ನು ನಾಲ್ಕು ಚೌಕ ಮಾಡಿದೆ.

ಎರಡನೇ ಸಲವೂ ಹಾರಿತು. ಅರ್ಧ ದಿನ ತಡವಾಗಿ, ಅಷ್ಟೇ ವ್ಯತ್ಯಾಸ. ಕಣ್ಣು ಹತ್ತಿರ ಇಟ್ಟು ನೋಡಿದರೆ ನಾಲ್ಕು ಗೇಟುಗಳಲ್ಲಿ ಒಂದು ಮಾತ್ರ 2.5ರಲ್ಲಿ ನಿಂತಿದೆ! ಪಕ್ಕದ ಗೇಟುಗಳ ಜೊತೆ ಒಟ್ಟಿಗೆ ಏರಿಳಿಯಲಿ ಅಂತ ಇರುವ ಅದರ ಸಿಂಕ್ ಟಿಕ್ ಯಾವಾಗಲೋ ತೆಗೆದಿದ್ದೆ. ಕಳ್ಳ ಸಿಕ್ಕಿದ ಅಂತ ಕುಣಿದೆ. ರಾತ್ರಿ ಹನ್ನೊಂದಕ್ಕೆ ಬದಿಯಡ್ಕದ ಭಾವನಿಗೆ ಫೋನ್ ಮಾಡಿ ಹೇಳಿದೆ. ಅವನು "ಮಲಗು ಮಾರಾಯ" ಅಂದ.

ಮೂರನೇ ಸಲ ನಾಲ್ಕೂ ಗೇಟು ಸರಿಯಾಗಿ 3ರಲ್ಲಿ. ಮತ್ತೂ ಹಾರಿತು. ಪಂಪುಗಳು ನಿಂತವು, ಕೆರೆಯಂಚಿನ ಕ್ಯಾರೆಟ್ ಒಣಗಿತು, ಟ್ಯಾಂಕಿನಲ್ಲಿದ್ದ ನೀರು ಮುಗಿಯಿತು. 33 ಬೀವರ್ ಹೋದವು.

ಸ್ಲೂಯಿಸ್ ಹಾಕಬಹುದಿತ್ತಲ್ಲ ಅಂತ ಕೇಳುವವರಿಗೆ ಮೊದಲೇ ಹೇಳಿಬಿಡುತ್ತೇನೆ. ಸ್ಲೂಯಿಸ್ ಅನ್ನುವ ಬಾಗಿಲು ಕೆಟ್ಟ ನೀರು ಬಂದರೆ ತಾನಾಗಿ ಮುಚ್ಚುತ್ತದೆ, ಗೊತ್ತು. ಆದರೆ ನನ್ನ ಗೇಟೂ ಮುಚ್ಚಿಯೇ ಇತ್ತು. ಮುಚ್ಚಿದ ಮೇಲೆ ನೀರು ಎಲ್ಲಿಗೆ ಹೋಗಬೇಕು ಅನ್ನುವುದೇ ಪ್ರಶ್ನೆ.

ಈ ನಡುವೆ ಲ್ಯಾಪ್‌ಟಾಪಿನ ಕಾಟ ಬೇರೆ. ನೀರು ಜಾಸ್ತಿ ಹರಿದಷ್ಟೂ ಆಟ ನಿಧಾನ. ಮೂರನೇ ಸ್ಪೀಡು ಒತ್ತಿದರೆ ಎತ್ತಿನಗಾಡಿ. ಇನ್ನೊಂದು 8 ಜಿಬಿ ರ‍್ಯಾಮ್ ಹಾಕೋಣ ಅಂತ ಮಂಗಳೂರಿನ ಒಂದು ಅಂಗಡಿಗೆ ಹೋದೆ. ಮಾಡೆಲ್ ನಂಬರ್ ಬರೆದೇ ಕೊಟ್ಟಿದ್ದೆ. ಮನೆಗೆ ಬಂದು ಪ್ಯಾಕೆಟ್ ಒಡೆದರೆ ಡೆಸ್ಕ್‌ಟಾಪಿನ ರ‍್ಯಾಮ್, ಉದ್ದ ಎರಡು ಪಟ್ಟು. ಫೋನ್ ಮಾಡಿದರೆ "ಎಲ್ಲ ಒಂದೇ ಸಾರ್, ಹಾಕಿ ನೋಡಿ" ಅಂತೆ. ಎಲ್ಲಿಗೆ ಹಾಕುವುದು, ಬಾಯಿಗಾ? ಪ್ಯಾಕೆಟ್ ಒಡೆದ ಕಾರಣ ವಾಪಸ್ ಇಲ್ಲವಂತೆ. ಅದು ಈಗ ಪಂಚಾಂಗದೊಳಗೆ ಬುಕ್‌ಮಾರ್ಕ್ ಆಗಿದೆ. ಮೇಲಿಂದ ಮಳೆ ಬಂದರೆ ಕರೆಂಟಿಲ್ಲ. ಆಟೋಸೇವ್ ಕಂಡುಹಿಡಿದವನಿಗೆ ಕೈಮುಗಿಯಬೇಕು.

ಕೀಲಿ ಸಿಕ್ಕಿದ್ದು ಅಪ್ಪನಿಂದ. ಅವರಿಗೆ ಕಂಪ್ಯೂಟರ್ ಆಟ ಅಂದರೆ ಆಗದು. ಆದರೆ ಕಟ್ಟ ಅಂದರೆ ಕಿವಿ ನಿಮಿರುತ್ತದೆ. ನಮ್ಮ ಕಡೆಯ ಅಡಿಕೆ ತೋಟದವರಿಗೆ ಕಟ್ಟ ಹೊಸತಲ್ಲ. ಮಳೆ ನಿಂತು ತೋಡು ಸಪೂರ ಆದ ಮೇಲೆ, ಡಿಸೆಂಬರ್ ಹೊತ್ತಿಗೆ, ಕಲ್ಲು ಮಣ್ಣು ಹಾಕಿ ಅಡ್ಡ ಕಟ್ಟುವುದು. ಮುಂದಿನ ಮಳೆಗಾಲಕ್ಕೆ ಬಿಚ್ಚುವುದು, ಇಲ್ಲದಿದ್ದರೆ ತೋಡೇ ಬಿಚ್ಚುತ್ತದೆ. ಈಗ ಪ್ಲಾಸ್ಟಿಕ್ ಹಾಳೆ, ಮರಳಿನ ಚೀಲ ಬಂದಿದೆ. ಸರಕಾರದ ಕಿಂಡಿ ಅಣೆಕಟ್ಟು ಇದ್ದಲ್ಲಿ ಹಲಗೆ ಇಳಿಸಿದರೆ ಆಯಿತು. ನಿಜವಾದ ಬೀವರ್ ಕೂಡ ಮಾಡುವುದು ಇದನ್ನೇ: ಕೊಂಬೆ, ಕಲ್ಲು, ಮಣ್ಣು. ಕೆನಡಾದ ವುಡ್ ಬಫಲೋ ನ್ಯಾಷನಲ್ ಪಾರ್ಕಿನಲ್ಲಿ ಬೀವರ್‌ಗಳು ಕಟ್ಟಿದ ಒಂದು ಕಟ್ಟ ಮುಕ್ಕಾಲು ಕಿಲೋಮೀಟರಿಗಿಂತ ಉದ್ದ ಇದೆ. ಇದನ್ನು ಹೇಳಿದಾಗ ಅಪ್ಪ, "ಅವಕ್ಕೆ ಆಳಿನ ಸಂಬಳ ಕೊಡ್ಲಿಕ್ಕಿಲ್ಲ ಅಲ್ವಾ" ಅಂದರು.

ಅವತ್ತು ಎಲೆಗೆ ಸುಣ್ಣ ಹಚ್ಚುತ್ತಾ ನನ್ನ ಹಿಂದೆ ಬಂದು ನಿಂತರು. ಗೇಟಿನ ಮೇಲೆ ಕೆಂಪು ನೀರು ಉರುಳುವುದನ್ನು ನೋಡಿದರು.

"ಕಟ್ಟ ಸರಿ ಉಂಟಲ್ಲ. ಕೆಳಗೆ ಎಲ್ಲಿಯೋ ಸಿಕ್ಕಿಕೊಂಡಿದೆ ನೋಡು."

"ಕೆಳಗೆ ಎಂತ ಇಲ್ಲ ಅಪ್ಪ, ಬರೀ ತೋಡು."

"ನಮ್ಮ ತೋಟಕ್ಕೆ ಆ ವರ್ಷ ನೀರು ನುಗ್ಗಿದ್ದು ಮರೆತುಹೋಯ್ತಾ? ಸಂಕದ ಬುಡಕ್ಕೆ ನಾಲ್ಕು ಮಡಲು ಸಿಕ್ಕಿ ನಿಂತದ್ದು. ಕಟ್ಟಕ್ಕೆ ಬೈದೆವು ಎಲ್ಲರೂ."

ಇದು ಆಟ, ಇಲ್ಲಿ ಮಡಲು ಬೀಳುವುದಿಲ್ಲ ಅಂತ ಹೇಳಹೊರಟವನು ಸುಮ್ಮನಾದೆ. ಮಾರನೇ ದಿನ ಪರೀಕ್ಷೆಗೆ ಅಂತ ಹಳೇ ಸೇವ್ ತೆಗೆದು ಬೈಪಾಸಿನ ಉದ್ದಕ್ಕೂ ಮೂರು ಸ್ಟ್ರೀಮ್ ಗೇಜ್ (ನೀರಿನ ಮಟ್ಟ, ಮಲಿನ ತೋರಿಸುವ ಅಳತೆಗೋಲು) ಇಟ್ಟೆ. ಇಷ್ಟು ದಿನ ಅದನ್ನು ಶೋಕಿ ಸಾಮಾನು ಅಂತ ಅಂದುಕೊಂಡಿದ್ದೆ, ಒಂದನ್ನೂ ಕಟ್ಟಿರಲಿಲ್ಲ. ಬ್ಯಾಡ್‌ಟೈಡ್ ಬಂತು. ಬಾಯಿಯ ಹತ್ತಿರದ ಗೇಜ್ 3.1. ನಡುವಿನದು 3.0. ತಿರುವಿನ ಆಚೆಯದು 0.8.

ಬಾಯಿಯಿಂದ ತಿರುವಿನವರೆಗೆ ನೀರು ಹೆಚ್ಚುಕಮ್ಮಿ ಒಂದೇ ಮಟ್ಟ. ಅಂದರೆ ಅದು ಹರಿಯುತ್ತಿಲ್ಲ, ನಿಂತಿದೆ. ತಿರುವಿನಲ್ಲಿ ಒಮ್ಮೆಲೇ ಎರಡು ಚಿಲ್ಲರೆ ಇಳಿತ. ಕ್ಯಾಮೆರಾ ಇಳಿಸಿ ನೋಡಿದರೆ ತೋಡು ಅಲ್ಲಿ ಒಂದೇ ಚೌಕ ಅಗಲ. ಯಾಕೆ? ಪಕ್ಕದಲ್ಲಿ ನನ್ನದೇ ಕ್ಯಾರೆಟ್ ಗೋದಾಮು. ಮೊದಲ ತೋಡು ಅಗೆಯುವಾಗ ಗೋದಾಮು ಕೆಡವಲು ಮನಸ್ಸಾಗದೆ ಬಳಸಿಕೊಂಡು ಹೋಗಿದ್ದೆ. ಆಮೇಲೆ ಬಾಯಿ ಅಗಲ ಮಾಡಿದೆ, ಹೊಟ್ಟೆ ಅಗಲ ಮಾಡಿದೆ, ಸೊಂಟ ಹಾಗೇ ಉಳಿಯಿತು. ಬಾಯಿ ಎಷ್ಟು ದೊಡ್ಡದಾದರೆ ಏನು, ಹೊರಗೆ ಹೋಗುವ ಲೆಕ್ಕ ಆ ಒಂದು ಚೌಕದ್ದು.

ಗೋದಾಮಿಗೆ ಖಾಲಿ ಮಾಡುವ ಗುರುತು ಹಾಕಿದೆ. ಹೊರುವವರು ಕಡಿಮೆ, ಎರಡು ದಿನ ಹೋಯಿತು. ಆಮೇಲೆ ಡೈನಮೈಟ್ ಬೇಕು. ಸ್ಫೋಟಕ ಮಾಡಲು ಬೇಕಾದ್ದು ಅದೇ ಬ್ಯಾಡ್‌ವಾಟರ್! ಕೆಟ್ಟ ನೀರು ಓಡಿಸಲು ಕೆಟ್ಟ ನೀರನ್ನೇ ಕಾಯುತ್ತಾ ಕೂತೆ. ನನ್ನ ಸ್ಟಾಕಿನಲ್ಲಿ ಇದ್ದದ್ದು ಎರಡು ಬತ್ತಿಗೆ ಸಾಕಾಗುವಷ್ಟು. ತಿರುವನ್ನು ನಾಲ್ಕು ಚೌಕ ಮಾಡುವಷ್ಟರಲ್ಲಿ ಆಟದ ಮತ್ತೆರಡು ಸುತ್ತು (ಒಳ್ಳೆ ಕಾಲ, ಆಮೇಲೆ ಬರ ಇಲ್ಲವೇ ಬ್ಯಾಡ್‌ಟೈಡ್) ಮುಗಿದಿತ್ತು. ಆ ಎರಡೂ ಸಲ ಬಂದದ್ದು ಬರೇ ಬರ, ಪುಣ್ಯ.

ಮೊನ್ನೆ ರಾತ್ರಿ ಬ್ಯಾಡ್‌ಟೈಡ್ ಬಂತು. ಗೇಟು ಏರಿಸಿ ಗೇಜಿನ ಮೇಲೆ ಕಣ್ಣಿಟ್ಟು ಕೂತೆ. 1.2. 1.9. 2.3. ಇಲ್ಲಿ ಎದೆ ಡವಡವ. 2.4. ಅಲ್ಲೇ ನಿಂತಿತು. ಹತ್ತು ನಿಮಿಷ ಬಿಟ್ಟು ನೋಡಿದರೂ 2.4. ಕೆಂಪು ನೀರು ತಿರುವಿನಲ್ಲಿ ಸರಾಗ ಹೊರಳಿ ಅಂಚಿನಿಂದ ಬೀಳುತ್ತಿದೆ, ಕೆರೆ ಮಾತ್ರ ನೀಲಿ.

ಒಂದು ತಪ್ಪು ಆಮೇಲೂ ಮಾಡಿದೆ. ಬ್ಯಾಡ್‌ಟೈಡ್ ಮುಗಿಯಿತು ಅಂತ ಬಂದ ತಕ್ಷಣ ಗೇಟು ಇಳಿಸಿದೆ. ಹೊಳೆಯಲ್ಲಿ ಉಳಿದಿದ್ದ ಕೊಳೆ ಸ್ವಲ್ಪ ಒಳಗೆ ಬಂತು. ಬೈಪಾಸಿನ ಗೇಜಿನಲ್ಲಿ ಮಲಿನ ಸೊನ್ನೆ ಆಗುವವರೆಗೆ ಕಾಯಬೇಕಿತ್ತು. ಇಲ್ಲಿಗೆ ಮಾತ್ರ ಸ್ಲೂಯಿಸ್ ಒಳ್ಳೆಯದು, ನಿಮ್ಮ ಮಾತು ಒಪ್ಪಿದೆ.

ಮುಂದಿನ ಯೋಜನೆ ತಲೆಯಲ್ಲಿ ಆಗಲೇ ಕೊರೆಯುತ್ತಿದೆ. ಮ್ಯಾಪ್ ಎಡಿಟರಿನಲ್ಲಿ ನಮ್ಮದೇ ತೋಡು ಮಾಡಬೇಕು. ಕಾಸರಗೋಡಿನ ಏತಡ್ಕದಲ್ಲಿ ಇರುವ ಹಾಗೆ ಒಂದರ ಕೆಳಗೆ ಒಂದು ಸಾಲುಕಟ್ಟ. ಆಟದ ಡ್ಯಾಮ್ ನಿಲ್ಲಿಸುವುದು 0.65 ಎತ್ತರದ ನೀರು, ಉಳಿದದ್ದು ಮೇಲಿಂದ ಹೋಗುತ್ತದೆ. ನಮ್ಮ ಕಟ್ಟದ್ದೂ ಅದೇ ಸ್ವಭಾವ. ಒಂದೇ ಬೇಸರ ಅಂದರೆ ಆಟದಲ್ಲಿ ಅಂತರ್ಜಲ ಇಲ್ಲ. ಊರಿನಲ್ಲಿ ಕಟ್ಟ ಹಾಕುವುದೇ ಕೆಳಗಿನ ಬಾವಿಯ ನೀರು ಏರಲಿ ಅಂತ. ಇಲ್ಲಿ ದಡದ ಮಣ್ಣು ಹಸಿರಾಗುತ್ತದೆ, ಅಷ್ಟೇ. ನಮ್ಮ ಕಡೆ ನೀರಿಗಾಗಿ ಗುಡ್ಡಕ್ಕೆ ಅಡ್ಡ ಕೊರೆಯುವ ಸುರಂಗವೂ ಮಾಡುವ ಆಸೆ ಇದೆ. ಆಟದಲ್ಲಿ ಈಗ ಗುಡ್ಡದೊಳಗೆ ಟನಲ್ ಕೊರೆಯಲು ಬರುತ್ತದೆ. ಆದರೆ ಮುರಕಲ್ಲಿನಿಂದ ಒಸರುವ ನೀರು ಎಲ್ಲಿಂದ ತರುವುದು? ಗುಡ್ಡದ ತಲೆಯಲ್ಲಿ ಒಂದು ಸಣ್ಣ ನೀರಿನ ಮೂಲ ಅಡಗಿಸಿಟ್ಟು ಸುರಂಗದಿಂದ ಹೊರಗೆ ಬಿಡಬೇಕು. ಮೋಸ, ಆದರೂ ಮಾಡುತ್ತೇನೆ.

ಇದನ್ನು ಬರೆಯುವಾಗ ಕೆರೆ 2.1ರಲ್ಲಿದೆ, ಬರ ಮುಗಿಯಲು ಇನ್ನೂ ಒಂಬತ್ತು ದಿನ. ಅಪ್ಪ ಇವತ್ತು ಬೆಳಿಗ್ಗೆ ತಿಂಡಿಗೆ ಕೂತಾಗ ಕೇಳಿದರು, "ಅಲ್ಲ, ಆ ಗೋದಾಮಿನ ಕ್ಯಾರೆಟ್ ಎಲ್ಲ ಎಂತ ಮಾಡಿದೆ?"