ತೂಕ ಜಾಸ್ತಿ ಇದ್ದರೆ ಸೈಕಲ್ ತಡೆಯುತ್ತಾ?

"ಅಣ್ಣಾ, ನಾನು 105 ಕೆಜಿ ಇದ್ದೀನಿ. ಸೈಕಲ್ ತಗೊಂಡ್ರೆ ಮುರಿದು ಹೋಗಲ್ವಾ?" ಪರಿಚಯದವರು ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆ ಇದು. ನನ್ನದು 112 ಕೆಜಿ. ಆರು ವರ್ಷದಿಂದ ಬನಶಂಕರಿಯಿಂದ ಕೋರಮಂಗಲಕ್ಕೆ ಸೈಕಲ್‌ನಲ್ಲೇ ಕೆಲಸಕ್ಕೆ ಹೋಗುತ್ತಿದ್ದೇನೆ. ಫ್ರೇಮಿಗೆ ಏನೂ ಆಗಿಲ್ಲ. ಕಾಟ ಕೊಟ್ಟಿದ್ದು ಹಿಂದಿನ ಚಕ್ರ.

ಚಕ್ರದ ಮೊದಲ ಕಡ್ಡಿ (ಸ್ಪೋಕ್) ಮುರಿದಿದ್ದು ಕನಕಪುರ ರಸ್ತೆಯ ಒಂದು ಹಂಪ್ ಮೇಲೆ. ಟಣ್ ಅಂತ ಸದ್ದು ಬಂತು, ರಿಮ್, ಅಂದರೆ ಚಕ್ರದ ಹೊರಬಳೆ, ಬ್ರೇಕಿಗೆ ಉಜ್ಜತೊಡಗಿತು. ಅಂಗಡಿಯವರು ಹೊಸ ಕಡ್ಡಿ ಹಾಕಿ, ಬೆಂಡ್ ತೆಗೆದು ಕೊಟ್ಟರು. ಎರಡು ವಾರಕ್ಕೆ ಇನ್ನೊಂದು ಹೋಯಿತು. ಆಮೇಲೆ ಮತ್ತೊಂದು. "ನಿಮ್ಮ ತೂಕಕ್ಕೆ ಹೀಗೇ ಸರ್" ಅಂದುಬಿಟ್ಟರು. ಆ ಮಾತು ತಪ್ಪು. ಅದನ್ನು ಕೇಳಿ ಎಷ್ಟೋ ಜನ ಸೈಕಲ್ಲನ್ನೇ ಬಿಟ್ಟುಬಿಡುತ್ತಾರೆ.

ನಡೆಯುವುದು ಇಷ್ಟು. ಸವಾರನ ಭಾರದಲ್ಲಿ ಹೆಚ್ಚಿನ ಪಾಲು ಹಿಂದಿನ ಚಕ್ರದ ಮೇಲೆ ಬೀಳುತ್ತದೆ. ಚಕ್ರ ಸುತ್ತುವಾಗ ನೆಲದ ಕಡೆ ಬಂದ ಕಡ್ಡಿ ಸ್ವಲ್ಪ ಸಡಿಲವಾಗುತ್ತದೆ, ಮೇಲೆ ಹೋದಾಗ ಮತ್ತೆ ಬಿಗಿಯಾಗುತ್ತದೆ. ಮೊದಲೇ ಸಡಿಲ ಇದ್ದರೆ ಹಬ್ (ಚಕ್ರದ ನಡುವಿನ ಗುಂಬ) ಹತ್ತಿರ ಕಡ್ಡಿ ಬಾಗಿರುವ ಜಾಗ ಪ್ರತಿ ಸುತ್ತಿಗೂ ಅಲುಗಾಡುತ್ತದೆ. ತಂತಿಯನ್ನು ಹಿಂದೆ ಮುಂದೆ ಬಗ್ಗಿಸಿದರೆ ಮುರಿಯುತ್ತಲ್ಲ, ಹಾಗೇ. ಒಂದು ಮುರಿಯುವ ಹೊತ್ತಿಗೆ ಉಳಿದವೂ ಅಷ್ಟೇ ದಣಿದಿರುತ್ತವೆ.

ನಮ್ಮ ಬೀದಿಗೆ ಎಳನೀರು ತರುವವರ ಕಪ್ಪು ಸೈಕಲ್ ನೋಡಿ. ಎರಡೂ ಕಡೆ ಗೊನೆ ನೇತುಹಾಕಿಕೊಂಡು ಬರುತ್ತದೆ. ಆ ಹಳೇ ಮಾದರಿಯಲ್ಲಿ ಮುಂದೆ 32, ಹಿಂದೆ 40 ಕಡ್ಡಿ. ಭಾರ ಎಲ್ಲಿ ಬೀಳುತ್ತೆ ಅಂತ ಮಾಡಿದವರಿಗೆ ಗೊತ್ತಿತ್ತು. ಈಗಿನ ಹಗುರ ಚಕ್ರಗಳಲ್ಲಿ 24 ಕಡ್ಡಿ ಇರುವುದೂ ಉಂಟು.

ಹಾಗಾಗಿ ನಾನು 36 ಕಡ್ಡಿಯ ಡಬಲ್ ವಾಲ್ ರಿಮ್ (ಎರಡು ಪದರದ ಗಟ್ಟಿ ರಿಮ್) ತಂದು, ಕೈಯಲ್ಲೇ ಚಕ್ರ ಕಟ್ಟುವ ಹಿರಿಯರೊಬ್ಬರ ಹತ್ತಿರ ಹೋದೆ. ಅವರು ಎರಡೆರಡು ಕಡ್ಡಿ ಒಟ್ಟಿಗೆ ಹಿಂಡಿ, ಬೆರಳಲ್ಲಿ ಮೀಟಿ, ಕಿವಿಗೊಟ್ಟು ಕೇಳುತ್ತಿದ್ದರು. ಒಂದೇ ಕಡೆಯ ಕಡ್ಡಿಗಳು ಹೆಚ್ಚುಕಮ್ಮಿ ಒಂದೇ ಸ್ವರ ಕೊಡಬೇಕು. ಡಬ್ ಅಂದರೆ ಅದು ಸಡಿಲ. ನಾಲ್ಕು ವರ್ಷವಾಯಿತು, ಒಂದೂ ಮುರಿದಿಲ್ಲ.

ಟೈರ್ ಸಾಧ್ಯವಾದಷ್ಟು ಅಗಲ ಇರಲಿ. 28 ಎಂಎಂ ಬದಲು 38, 40 ಹಿಡಿಸಿದರೆ ಅದನ್ನೇ ಹಾಕಿ. ಗಾಳಿ ಕಮ್ಮಿಯಿದ್ದರೆ ಗುಂಡಿಗೆ ಇಳಿದಾಗ ಟ್ಯೂಬ್ ರಿಮ್ಮಿಗೆ ಸಿಕ್ಕಿ ಎರಡು ತೂತು ಬೀಳುತ್ತದೆ, ಅದಕ್ಕೆ ವಾರಕ್ಕೊಮ್ಮೆ ಗಾಳಿ ನೋಡಿ. ಸೀಟಿನ ಕಂಬವನ್ನು ಅದರ ಮೇಲಿರುವ ಗೆರೆ ಹೊರಗೆ ಕಾಣುವಷ್ಟು ಎತ್ತಬೇಡಿ. ಕೊಳ್ಳುವ ಮೊದಲು ಕಂಪನಿ ಎಷ್ಟು ತೂಕಕ್ಕೆ ಒಪ್ಪಿದೆ ಅಂತ ಕೈಪಿಡಿಯಲ್ಲಿ ಓದಿ. ಬ್ಯಾಗು, ಲ್ಯಾಪ್‌ಟಾಪ್ ಎಲ್ಲ ಸೇರಿಸಿ ಲೆಕ್ಕ ಹಾಕಿ. ಹಿಂದೆ ಕ್ಯಾಸೆಟ್ ಹಬ್ (ಗೇರಿನ ಹಲ್ಲುಚಕ್ರಗಳು ಹಬ್‌ನದೇ ಭಾಗದ ಮೇಲೆ ಕೂರುವಂಥದ್ದು) ಇದ್ದರೆ ಒಳ್ಳೆಯದು. ಹಲ್ಲುಚಕ್ರಗಳನ್ನು ಒಟ್ಟಾಗಿ ತಿರುಪಿ ಕೂರಿಸುವ ಗೇರಿನ ಫ್ರೀವೀಲ್ ಹಬ್‌ನಲ್ಲಿ ಬಲಗಡೆಯ ಬೇರಿಂಗ್ ತುಂಬಾ ಒಳಗಿರುತ್ತದೆ, ತುದಿಗೆ ಆಸರೆ ಇಲ್ಲದೆ ಆಕ್ಸಲ್ (ಚಕ್ರದ ನಡುವಿನ ಸರಳು) ಬಾಗುವುದು ಅದಕ್ಕೇ.

ಈಗಾಗಲೇ ಸೈಕಲ್ ಇದೆಯಾ? ಇವತ್ತೇ ಹಿಂದಿನ ಚಕ್ರದ ಕಡ್ಡಿಗಳನ್ನು ಒಂದೊಂದಾಗಿ ಮೀಟಿ ನೋಡಿ. ಡಬ್ ಅನ್ನುವುದು ಸಿಕ್ಕರೆ ನನಗೆ ಹೇಳಿ, ಆ ಹಿರಿಯರ ಅಂಗಡಿಗೆ ನಾನೇ ಕರ್ಕೊಂಡು ಹೋಗ್ತೀನಿ.