ಚಳಿಗಿಂತ ಜಾಸ್ತಿ ಕಾಡಿದ್ದು ಅದೇ ಮುಖಗಳು

ನಾನಿರುವ ಟ್ರೊಮ್ಸೊ ನಾರ್ವೆಯ ಉತ್ತರದ ಊರು. ನವೆಂಬರ್ ಕೊನೆಯಿಂದ ಜನವರಿ ಮಧ್ಯದವರೆಗೆ ಇಲ್ಲಿ ಸೂರ್ಯ ಹುಟ್ಟುವುದೇ ಇಲ್ಲ. ಮಧ್ಯಾಹ್ನ ಸ್ವಲ್ಪ ಹೊತ್ತು ನೀಲಿ ಬೆಳಕು, ಅಷ್ಟೇ. ಊರಿಂದ ಫೋನ್ ಮಾಡಿದವರೆಲ್ಲ ಚಳಿ ಹೇಗಿದೆ ಅಂತಲೇ ಕೇಳುತ್ತಾರೆ. ಚಳಿಗೆ ಕೋಟಿದೆ, ಹೀಟರ್ ಇದೆ. ಮನಸ್ಸಿನ ಪಾಡೇ ಬೇರೆ.

ಇಲ್ಲಿನ ಬಂದರಿನ ಹತ್ತಿರ ಅಮುಂಡ್ಸೆನ್ ಪ್ರತಿಮೆ ಇದೆ. ದಕ್ಷಿಣ ಧ್ರುವ ಮೊದಲು ಮುಟ್ಟಿದವರು ಅಂತ ಅವರನ್ನು ಎಲ್ಲರೂ ಬಲ್ಲರು. ನನಗೆ ನೆನಪಾಗುವುದು ಅದಕ್ಕೂ ಮುಂಚೆ ಅವರು ಅಂಟಾರ್ಕ್ಟಿಕಾ ಸಂಶೋಧನೆಗೆ ಹೊರಟ ಬೆಲ್ಜಿಕಾ ಹಡಗಿನಲ್ಲಿ ಕಳೆದ ಚಳಿಗಾಲ.

1898ರಲ್ಲಿ ಆ ಹಡಗು ಅಂಟಾರ್ಕ್ಟಿಕಾದ ಹಿಮಗಡ್ಡೆಯಲ್ಲಿ ಸಿಕ್ಕಿಬಿತ್ತು. ಒಳಗಿದ್ದವರು 18 ಗಂಡಸರು. ಬೆಲ್ಜಿಯಂ, ನಾರ್ವೆ, ಪೋಲೆಂಡ್, ರೊಮೇನಿಯಾ, ಅಮೆರಿಕ ಅಂತ ಬೇರೆ ಬೇರೆ ಕಡೆಯವರು. ಎಲ್ಲರಿಗೂ ಬರುವ ಒಂದು ಭಾಷೆಯೂ ಇರಲಿಲ್ಲ. ದಕ್ಷಿಣದಲ್ಲಿ ಚಳಿಗಾಲ ಬರುವುದು ವರ್ಷದ ನಡುವೆ, ಹಾಗಾಗಿ ಮೇ ತಿಂಗಳಲ್ಲಿ ಮುಳುಗಿದ ಸೂರ್ಯ ಮತ್ತೆ ಕಂಡಿದ್ದು ಜುಲೈನಲ್ಲಿ. ಅದೇ ಡಬ್ಬಿ ಊಟ, ಅದೇ ಮಾತು, ಅದೇ ಮುಖ. ಒಬ್ಬರ ಸಹವಾಸ ಇನ್ನೊಬ್ಬರಿಗೆ ಸಾಕಾಗಿಹೋಗಿತ್ತು. ಜೂನ್‌ನಲ್ಲಿ ಡಾಂಕೊ ಎಂಬ ವಿಜ್ಞಾನಿ ತೀರಿಕೊಂಡರು. ಹಿಮಕ್ಕೆ ತೂತು ಕೊರೆದು ಹೆಣವನ್ನು ಸಮುದ್ರಕ್ಕೆ ಬಿಟ್ಟರು. ನಾನ್ಸೆನ್ ಅಂತ ಹೆಸರಿಟ್ಟು ಸಾಕಿದ್ದ ಬೆಕ್ಕೂ ಮಂಕಾಗಿ ಸತ್ತುಹೋಯಿತು. ಟೊಲೆಫ್ಸೆನ್ ಎಂಬ ನಾವಿಕನಿಗೆ ಜೊತೆಗಾರರೇ ತನ್ನನ್ನು ಕೊಲ್ಲುತ್ತಾರೆ ಅನ್ನುವ ಭಯ ಹತ್ತಿತು. ಕೊನೆಗೂ ಅವನ ಬುದ್ಧಿ ನೆಟ್ಟಗಾಗಲಿಲ್ಲ.

ಅಲ್ಲಿ ಒಬ್ಬ ಡಾಕ್ಟರ್ ಇದ್ದರು, ಫ್ರೆಡರಿಕ್ ಕುಕ್. ಕೈಲಿ ಮದ್ದಿಲ್ಲ. ಆದರೆ ಅವರು ಒಬ್ಬೊಬ್ಬರನ್ನೂ ದಿನಾ ಗಮನಿಸುತ್ತಿದ್ದರು. ಜಾಸ್ತಿ ಕುಸಿದವರನ್ನು ಬಟ್ಟೆ ಬಿಚ್ಚಿಸಿ ಒಲೆಯ ಬೆಂಕಿ ಮುಂದೆ ಗಂಟೆಗಟ್ಟಲೆ ನಿಲ್ಲಿಸಿದರು. ಬೆಳಕು, ಶಾಖ ಎರಡೂ ಮೈಗೆ ಸಿಗಲಿ ಅಂತ. ಹಡಗಿನ ಸುತ್ತ ಹಿಮದ ಮೇಲೆ ನಡೆಸಿದರು. ಪೆಂಗ್ವಿನ್ ಮತ್ತು ಸೀಲ್ ಮಾಂಸ ತಿನ್ನಿ ಅಂತ ಪಟ್ಟು ಹಿಡಿದರು. ತಂಡದ ನಾಯಕ ಜೆರ್ಲಾಶ್‌ಗೆ ಅದರ ಹೆಸರೆತ್ತಿದರೇ ಆಗುತ್ತಿರಲಿಲ್ಲ. ಸಿ ವಿಟಮಿನ್ ಕೊರತೆಯಿಂದ ಬರುವ ಸ್ಕರ್ವಿ ರೋಗದಿಂದ ಹಾಸಿಗೆ ಹಿಡಿದು ಉಯಿಲು ಬರೆದ ಮೇಲೆ ಅವರೂ ತಿಂದರು. ತಿಂದು ಎದ್ದು ಕೂತರು. ತಾಜಾ ಮಾಂಸದ ಸಿ ವಿಟಮಿನ್ ಕೆಲಸ ಮಾಡಿತ್ತು. ಆ ವಿಟಮಿನ್ ಇನ್ನೂ ಯಾರಿಗೂ ಗೊತ್ತಿರದ ಕಾಲ ಅದು.

ಚೇತರಿಸಿಕೊಂಡವರ ಕೈಗೆ ಕುಕ್ ಗರಗಸ ಕೊಡಿಸಿದರು. 1899ರ ಜನವರಿಯಿಂದ ಎಲ್ಲರೂ ಸೇರಿ ಹಿಮ ಕೊಯ್ದು ಕಾಲುವೆ ಮಾಡಿದರು. ಮಾರ್ಚ್‌ನಲ್ಲಿ ಹಡಗು ಬಿಡುಗಡೆ ಆಯಿತು. ಹಡಗು ಉಳಿಯಿತು ಅನ್ನುವುದಕ್ಕಿಂತ, ಮಾಡಲು ಒಂದು ಕೆಲಸ ಸಿಕ್ಕಿದ್ದೇ ಅವರನ್ನು ಮನುಷ್ಯರಾಗಿ ಉಳಿಸಿತು ಅಂತ ನನಗೆ ಅನ್ನಿಸುತ್ತದೆ. ಇಲ್ಲಿ ಕತ್ತಲ ದಿನಗಳಲ್ಲೂ ಜನ ತಲೆಗೆ ಟಾರ್ಚ್ ಕಟ್ಟಿಕೊಂಡು ಸ್ಕೀಯಿಂಗ್‌ಗೆ ಹೊರಡುವುದನ್ನು ನೋಡಿದರೆ ಅದು ಅರ್ಥವಾಗುತ್ತದೆ.

ಕುಕ್ ಹೆಸರು ಮುಂದೆ ಕೆಟ್ಟಿತು. ಉತ್ತರ ಧ್ರುವ ಮುಟ್ಟಿದೆ ಅಂದ ಅವರ ಮಾತನ್ನು ಜಗತ್ತು ನಂಬಲಿಲ್ಲ. ಎಣ್ಣೆ ಕಂಪನಿಯ ಷೇರು ವಂಚನೆಯಲ್ಲಿ ಜೈಲಿಗೂ ಹೋದರು. ಆದರೂ ಬೆಲ್ಜಿಕಾದ ಆ ಡಾಕ್ಟರ್ ಬಗ್ಗೆ ನನ್ನ ಗೌರವ ಒಂದಿಷ್ಟೂ ಕಮ್ಮಿಯಾಗಿಲ್ಲ. ಅಮುಂಡ್ಸೆನ್‌ಗೂ ಹಾಗೇ ಇತ್ತು. 1926ರಲ್ಲಿ ಅಮೆರಿಕಕ್ಕೆ ಹೋದಾಗ ಅವರು ಕಾನ್ಸಾಸ್‌ನ ಜೈಲಿಗೆ ಹೋಗಿ ಹಳೆಯ ಗೆಳೆಯನನ್ನು ಮಾತಾಡಿಸಿ ಬಂದರು.