ಅರವತ್ತು ದಾಟಿದ ಓಟಗಾರರು ವಾಚಿನ ಅಂಕಿಯನ್ನು ಎಷ್ಟು ನಂಬಬೇಕು?

ಬೆಂಗಳೂರಿನಲ್ಲಿ ಯಾವುದೇ ಹತ್ತು ಕಿಲೋಮೀಟರ್ ಓಟ ಮುಗಿದ ಮೇಲೆ ಗೆರೆ ದಾಟಿ ನಿಂತವರ ಮಾತು ಕೇಳಿಸಿಕೊಳ್ಳಿ. "ನನ್ನ ವಾಚು 10.2 ತೋರಿಸ್ತಿದೆ, ಇವ್ರು ದಾರೀನೇ ಜಾಸ್ತಿ ಹಾಕಿದ್ದಾರೆ" ಅನ್ನುವವರು ಸಿಕ್ಕೇ ಸಿಗುತ್ತಾರೆ. ಅಧಿಕೃತವಾಗಿ ಅಳೆದ ಓಟವಾಗಿದ್ದರೆ ತಪ್ಪು ಹೆಚ್ಚಾಗಿ ದಾರಿಯದ್ದಲ್ಲ, ಕೈಗೆ ಕಟ್ಟಿದ ಜಿಪಿಎಸ್ ವಾಚಿನದು. ಸ್ವಲ್ಪ ನಾವು ಓಡಿದ ರೀತಿಯದು.

ರಸ್ತೆ ಓಟದ ದಾರಿಯನ್ನು ಸೈಕಲ್ಲಿನಿಂದ ಅಳೆಯುತ್ತಾರೆ. ಮುಂದಿನ ಚಕ್ರಕ್ಕೆ ಜೋನ್ಸ್ ಕೌಂಟರ್ ಎಂಬ ಪುಟ್ಟ ಎಣಿಕೆ ಯಂತ್ರ ಕಟ್ಟಿರುತ್ತಾರೆ. ಸ್ಟೀಲ್ ಟೇಪಿನಲ್ಲಿ ಅಳೆದಿಟ್ಟ ನೇರ ರಸ್ತೆಯ ಮೇಲೆ ಆ ಸೈಕಲ್ಲನ್ನು ಮೊದಲೂ ಕೊನೆಗೂ ಓಡಿಸಿ ಎಣಿಕೆ ಸರಿಯಿದೆಯೇ ಎಂದು ನೋಡುತ್ತಾರೆ. ತಿರುವಿನಲ್ಲಿ ಫುಟ್‌ಪಾತ್ ಅಂಚಿನಿಂದ 30 ಸೆಂಟಿಮೀಟರ್ ದೂರದಲ್ಲಿ, ಅಂದರೆ ಓಟಗಾರನಿಗೆ ಸಾಧ್ಯವಿರುವ ಅತ್ಯಂತ ಹತ್ತಿರದ ಗೆರೆಯಲ್ಲಿ, ಸವಾರ ಹೋಗುತ್ತಾನೆ. ದಾರಿ ಕಡಿಮೆ ಬೀಳಬಾರದೆಂದು ಕಿಲೋಮೀಟರಿಗೆ ಒಂದು ಮೀಟರ್ ಸೇರಿಸುತ್ತಾರೆ. ಹೀಗಾಗಿ ಹತ್ತು ಕಿಲೋಮೀಟರ್ ಅಂದರೆ 10,010 ಮೀಟರ್. ನಾವೋ ಗುಂಪಿನಲ್ಲಿ ಆ ಕಡೆ ಈ ಕಡೆ ಸರಿದು, ನೀರಿನ ಮೇಜಿಗೆ ಹೋಗಿ ಬಂದು, ತಿರುವುಗಳನ್ನು ಹೊರಗಿನಿಂದ ಸುತ್ತಿ ಓಡುತ್ತೇವೆ. ಅದರ ಮೇಲೆ ಜಿಪಿಎಸ್ ತನ್ನ ಪಾಲಿನ ಅಂಕುಡೊಂಕು ಸೇರಿಸುತ್ತದೆ. ಎಂ.ಜಿ. ರಸ್ತೆಯ ಮೆಟ್ರೋ ಸೇತುವೆ ಪಕ್ಕ ಮತ್ತು ಎತ್ತರದ ಕಟ್ಟಡಗಳ ನಡುವೆ ಉಪಗ್ರಹದ ಸಂಕೇತ ಗೋಡೆಗೆ ಬಡಿದು ತಡವಾಗಿ ವಾಚಿಗೆ ತಲುಪುತ್ತದೆ. ಆಗ ವಾಚು ನಿಮ್ಮನ್ನು ರಸ್ತೆಯ ಆಚೆ ಬದಿಯಲ್ಲಿ ಓಡಿಸಿರುತ್ತದೆ. ಕಬ್ಬನ್ ಪಾರ್ಕಿನ ಮರಗಳ ಕೆಳಗೂ ಸಂಕೇತ ಕ್ಷೀಣ. ಎರಡು ತರಂಗಾಂತರ ಹಿಡಿಯುವ ಹೊಸ ವಾಚುಗಳಲ್ಲಿ ಈ ತೊಂದರೆ ಕಡಿಮೆ, ಆದರೆ ಪೂರ್ತಿ ಹೋಗಿಲ್ಲ.

ಇದು ಬರೀ ವಾದದ ವಿಷಯವಲ್ಲ, ಟೈಮಿಂಗನ್ನೇ ಕೆಡಿಸುತ್ತದೆ. 70 ನಿಮಿಷಕ್ಕೆ ಮುಗಿಸಬೇಕೆಂದು ವಾಚಿನಲ್ಲಿ ಕಿಲೋಮೀಟರಿಗೆ 7:00 ಪೇಸ್ ನೋಡಿಕೊಂಡು ಓಡಿದಿರಿ ಅಂದುಕೊಳ್ಳಿ. ಗೆರೆ ಮುಟ್ಟುವಾಗ ವಾಚಿನಲ್ಲಿ 10.2 ಬಂದರೆ ನಿಮ್ಮ ಸಮಯ 71:24. ಓಡುವಾಗ ಎಲ್ಲವೂ ಸರಿಯಾಗಿತ್ತು, ಕೊನೆಗೆ ಒಂದೂವರೆ ನಿಮಿಷ ಎಲ್ಲಿ ಹೋಯಿತೆಂದೇ ತಿಳಿಯುವುದಿಲ್ಲ. 70 ಬೇಕಿದ್ದರೆ ವಾಚಿನಲ್ಲಿ 6:52 ಕಾಣಬೇಕಿತ್ತು.

ಇದಕ್ಕೆ ಪರಿಹಾರ ಎಲ್ಲ ವಾಚಿನಲ್ಲೂ ಇದೆ, ಬಳಸುವವರು ಕಡಿಮೆ. ಓಟದ ಹಿಂದಿನ ದಿನ ಆಟೋ ಲ್ಯಾಪ್ (ವಾಚು ತನ್ನ ಲೆಕ್ಕದ ಪ್ರತಿ ಕಿಲೋಮೀಟರಿಗೆ ತಾನೇ ಸಮಯ ಗುರುತಿಸುವುದು) ಆಫ್ ಮಾಡಿ. ರಸ್ತೆ ಪಕ್ಕದ ಕಿಲೋಮೀಟರ್ ಬೋರ್ಡು ಬಂದಾಗ ನೀವೇ ಲ್ಯಾಪ್ ಗುಂಡಿ ಒತ್ತಿ. ಪರದೆಯಲ್ಲಿ ಎರಡೇ ಅಂಕಿ ಇರಲಿ: ಒಟ್ಟು ಸಮಯ, ಈಗಿನ ಲ್ಯಾಪಿನ ಸಮಯ. ಚಾಳೀಸು ಬಂದ ಕಣ್ಣಿಗೆ, ಬೆಳಗಿನ ಐದೂವರೆಯ ಮಬ್ಬಿನಲ್ಲಿ, ಕನ್ನಡಕವಿಲ್ಲದೆ ಆರು ಅಂಕಿಯ ಪರದೆ ಓದಲು ಆಗುವುದಿಲ್ಲ. ಎರಡಿದ್ದರೆ ಅಕ್ಷರ ದಪ್ಪಗೆ ಬರುತ್ತದೆ. ಇದೇ ಕಾರಣಕ್ಕೆ, ಹೊಸ ವಾಚು ಕೊಳ್ಳುವ ಹಿರಿಯರಿಗೆ ನನ್ನ ಸಲಹೆ ಗುಂಡಿ ಇರುವ ವಾಚು. ಬೆವರಿದ ಬೆರಳಿಗೆ ಟಚ್ ಸ್ಕ್ರೀನ್ ಮಣಿಯುವುದಿಲ್ಲ. 2ನೇ ಕಿಲೋಮೀಟರಿಗೆ 14, 5ಕ್ಕೆ 35, 8ಕ್ಕೆ 56 ಎಂದು ಗುರಿಯ ಸಮಯವನ್ನು ಮುಂಗೈ ಮೇಲೆ ಪೆನ್ನಿನಲ್ಲಿ ಬರೆದುಕೊಂಡರೆ ಲೆಕ್ಕ ಹಾಕುವ ಕೆಲಸವೂ ಉಳಿಯುತ್ತದೆ. ಒಂದು ಬೋರ್ಡು 6:10ಕ್ಕೆ ಬಂದು ಮುಂದಿನದು 7:50ಕ್ಕೆ ಬಂದರೆ ಗಾಬರಿಯಾಗಬೇಡಿ, ಯಾರೋ ಬೋರ್ಡನ್ನು ಕಂಬ ಸಿಕ್ಕ ಕಡೆ ಕಟ್ಟಿರುತ್ತಾರೆ. ಎರಡರ ಸರಾಸರಿ ಹಿಡಿದು ಮುಂದೆ ಹೋಗಿ.

ಸಣ್ಣ ಊರುಗಳ ಓಟ, ಸಂಘ-ಸಂಸ್ಥೆಗಳ ವಾರ್ಷಿಕೋತ್ಸವದ ಓಟ, ಇವುಗಳಲ್ಲಿ ಸಾಮಾನ್ಯವಾಗಿ ದಾರಿಯನ್ನು ಹೀಗೆ ಸೈಕಲ್ಲಿನಿಂದ ಅಳೆದಿರುವುದಿಲ್ಲ. ಬೈಕಿನ ಮೀಟರ್ ನೋಡಿ ಗುರುತು ಹಾಕಿರಬಹುದು. ಅಂಥ ಕಡೆ ಖುಷಿಗೆ ಓಡಿ, ಆ ಸಮಯವನ್ನು ಬೇರೆ ಓಟದ ಸಮಯಕ್ಕೆ ಹೋಲಿಸಬೇಡಿ.

ಇನ್ನು ಎದೆಬಡಿತ. ವಯಸ್ಸಾದವರನ್ನು ವಾಚು ಅತಿ ಹೆಚ್ಚು ದಾರಿ ತಪ್ಪಿಸುವುದು ಇಲ್ಲೇ.

ಪೆಟ್ಟಿಗೆಯಿಂದ ತೆಗೆದ ಬಹುತೇಕ ವಾಚು ನಿಮ್ಮ ಗರಿಷ್ಠ ಬಡಿತವನ್ನು 220ರಿಂದ ವಯಸ್ಸು ಕಳೆದು ಇಟ್ಟುಕೊಳ್ಳುತ್ತದೆ. 65 ವರ್ಷದವರಿಗೆ ಅದು 155. 2001ರಲ್ಲಿ ಬಂದ ತನಾಕಾ ಸೂತ್ರದ ಪ್ರಕಾರ 208ರಿಂದ ವಯಸ್ಸಿನ 0.7 ಪಾಲು ಕಳೆದರೆ 162 ಅಥವಾ 163. ವಯಸ್ಸು ಹೆಚ್ಚಿದಷ್ಟೂ ಈ ಎರಡರ ಅಂತರ ಹೆಚ್ಚುತ್ತದೆ: 70ಕ್ಕೆ 150 ಮತ್ತು 159. ಎರಡೂ ಸರಾಸರಿ ಅಂದಾಜು ಅಷ್ಟೇ. ಒಬ್ಬೊಬ್ಬರಲ್ಲಿ ಅದಕ್ಕಿಂತ ಹತ್ತು ಹೆಚ್ಚು ಅಥವಾ ಹತ್ತು ಕಡಿಮೆ ಇರುವುದು ಮಾಮೂಲು. 65ರ ಒಬ್ಬರ ನಿಜವಾದ ಗರಿಷ್ಠ 175 ಅನ್ನಿ. ಅವರು 120ರಲ್ಲಿ ಆರಾಮಾಗಿ ಮಾತಾಡುತ್ತ ಓಡಿದರೆ ಅದು ಅವರ ಗರಿಷ್ಠ ಬಡಿತದ 69 ಶೇಕಡಾ. ವಾಚು ಅದನ್ನು 155ರ ಲೆಕ್ಕದಲ್ಲಿ 77 ಶೇಕಡಾ ಎಂದು ಬಗೆದು "ಜಾಸ್ತಿಯಾಯಿತು" ಎಂದು ಕಿರುಚುತ್ತದೆ. ಆಮೇಲೆ ವಾಚು ತೋರಿಸುವ ಬಡಿತದ ವಲಯಗಳು, ವಿಶ್ರಾಂತಿಯ ಗಂಟೆಗಳು, ವಿಒ2 ಮ್ಯಾಕ್ಸ್ (ಮೈ ಆಮ್ಲಜನಕ ಬಳಸುವ ಗರಿಷ್ಠ ಸಾಮರ್ಥ್ಯದ ಅಂದಾಜು), ಎಲ್ಲವೂ ಈ ಒಂದು ಅಂಕಿಯ ಮೇಲೆ ನಿಂತಿರುವುದರಿಂದ ಎಲ್ಲವೂ ಕೆಡುತ್ತವೆ.

ಹಾಗಾದರೆ ನಿಜವಾದ ಗರಿಷ್ಠ ಗೊತ್ತಾಗುವುದು ಹೇಗೆ? ಆಸ್ಪತ್ರೆಯಲ್ಲಿ ಮಾಡಿಸಿದ ಟಿಎಂಟಿ (ಟ್ರೆಡ್‌ಮಿಲ್ ಮೇಲೆ ನಡೆಸಿ ಹೃದಯ ನೋಡುವ ಪರೀಕ್ಷೆ) ವರದಿಯ ಅಂಕಿ ಹಾಕಿಕೊಳ್ಳುವವರಿದ್ದಾರೆ. ಅಲ್ಲೊಂದು ತೊಡಕಿದೆ. ವಯಸ್ಸಿಗೆ ಲೆಕ್ಕ ಹಾಕಿದ ಬಡಿತದ 85 ಶೇಕಡಾ ಮುಟ್ಟುತ್ತಿದ್ದಂತೆ ಟಿಎಂಟಿ ನಿಲ್ಲಿಸುವುದು ಹಲವು ಕಡೆ ರೂಢಿ. ಹಾಗೆ ನಿಲ್ಲಿಸಿದ್ದರೆ ವರದಿಯಲ್ಲಿರುವುದು ನಿಮ್ಮ ಗರಿಷ್ಠವಲ್ಲ. ಹೃದಯ ಸರಿಯಿದೆ, ಜೋರಾಗಿ ಓಡಬಹುದು ಎಂದು ವೈದ್ಯರು ಹೇಳಿದ್ದರೆ, ಎದೆಪಟ್ಟಿ (ಎದೆಗೆ ಕಟ್ಟುವ, ಬಡಿತ ಅಳೆಯುವ ಬೆಲ್ಟು) ಕಟ್ಟಿಕೊಂಡು ಓಡಿದ ಐದು ಕಿಲೋಮೀಟರ್ ಓಟದ ಕೊನೆಯ ಅರ್ಧ ಕಿಲೋಮೀಟರಿನಲ್ಲಿ ಬಂದ ಅತಿ ಹೆಚ್ಚಿನ ಅಂಕಿಯನ್ನು ವಾಚಿಗೆ ಕೊಡಿ. ಮನೆ ಹತ್ತಿರದ ಏರಿನಲ್ಲಿ ಒಬ್ಬರೇ ಉಸಿರುಗಟ್ಟಿ ಓಡಿ ಕಂಡುಹಿಡಿಯುವ ಸಾಹಸ ಈ ವಯಸ್ಸಿನಲ್ಲಿ ಬೇಡ.

ಬಿಪಿಗೆ ಅಥವಾ ಹೃದಯಕ್ಕೆ ಮೆಟೊಪ್ರೊಲಾಲ್, ಅಟೆನೊಲಾಲ್ ತರಹದ ಬೀಟಾ ಬ್ಲಾಕರ್ ಮಾತ್ರೆ ತೆಗೆದುಕೊಳ್ಳುವವರಿಗೆ ಮೇಲಿನ ಯಾವ ಸೂತ್ರವೂ ಅನ್ವಯಿಸುವುದಿಲ್ಲ. ಮಾತ್ರೆ ಬಡಿತವನ್ನೇ ಕೆಳಗೆ ಹಿಡಿದಿರುತ್ತದೆ, ಎಷ್ಟು ದುಡಿದರೂ ಅದು ಅಷ್ಟಾಗಿ ಮೇಲೇರುವುದಿಲ್ಲ. ವಾಚು ಇದನ್ನು ಫಿಟ್‌ನೆಸ್ ಎಂದು ತಪ್ಪು ತಿಳಿದು ಹೊಗಳುತ್ತದೆ, ಇನ್ನಷ್ಟು ಜೋರಾಗಿ ಓಡಿ ಎನ್ನುತ್ತದೆ. ಆ ಮಾತು ಕೇಳಬಾರದು. ಅಂಥವರು ಬಡಿತದ ಅಲಾರಂ ಆಫ್ ಮಾಡಿ ಮಾತಿನ ಪರೀಕ್ಷೆ ಹಿಡಿಯಲಿ: ಪೂರ್ತಿ ವಾಕ್ಯ ಹೇಳಲು ಬಂದರೆ ಈಸಿ, ನಾಲ್ಕೈದು ಪದಕ್ಕೆ ಉಸಿರು ಬೇಕಾದರೆ ಮಧ್ಯಮ, ಒಂದೆರಡು ಪದಕ್ಕೇ ಕಷ್ಟವಾದರೆ ಜೋರು. ಅಂಕಿ ಚೆನ್ನಾಗಿ ಕಾಣಲೆಂದು ಮಾತ್ರೆಯನ್ನು ತಾವಾಗಿಯೇ ನಿಲ್ಲಿಸುವುದು ತೀರಾ ಅಪಾಯ.

ಮಣಿಕಟ್ಟಿನ ಹಸಿರು ಬೆಳಕಿನ ಸೆನ್ಸರಿಗೂ ಒಂದು ಚಾಳಿ ಇದೆ. ಚರ್ಮದ ಕೆಳಗೆ ರಕ್ತ ಉಕ್ಕಿ ಇಳಿಯುವುದನ್ನು ಬೆಳಕಿನಿಂದ ಎಣಿಸುವುದು ಅದರ ಕೆಲಸ. ವಾಚು ಸಡಿಲವಿದ್ದರೆ ಕೈ ಬೀಸಿದಂತೆಲ್ಲ ಬೆಳಕೂ ಅಲುಗಿ, ರಕ್ತದ ಬದಲು ಹೆಜ್ಜೆಯ ತಾಳವನ್ನೇ ಎಣಿಸತೊಡಗುತ್ತದೆ. ಗುರುತು ಹಿಡಿಯುವುದು ಸುಲಭ. ಈಸಿ ರನ್ನಿನ ಎರಡನೇ ನಿಮಿಷಕ್ಕೇ ಬಡಿತ 165ಕ್ಕೆ ಹಾರಿ ಅಲ್ಲೇ ಗೆರೆ ಎಳೆದಂತೆ ನಿಂತಿದ್ದರೆ, ಆ್ಯಪ್‌ನಲ್ಲಿ ಅದೇ ಓಟದ ಕೇಡೆನ್ಸ್ (ನಿಮಿಷಕ್ಕೆ ಎಷ್ಟು ಹೆಜ್ಜೆ) ಗ್ರಾಫ್ ತೆಗೆದು ಪಕ್ಕಕ್ಕಿಟ್ಟು ನೋಡಿ. ಅದೂ 165 ಇದ್ದರೆ ನೀವು ನೋಡುತ್ತಿರುವುದು ಹೃದಯವನ್ನಲ್ಲ, ಕಾಲನ್ನು. ಡಿಸೆಂಬರ್ ಚಳಿಯಲ್ಲಿ ಕೈಗೆ ರಕ್ತ ಕಡಿಮೆ ಹರಿಯುವುದರಿಂದ ಇದು ಇನ್ನೂ ಹೆಚ್ಚು. ವಾಚನ್ನು ಮಣಿಕಟ್ಟಿನ ಮೂಳೆಯಿಂದ ಎರಡು ಬೆರಳು ಮೇಲಕ್ಕೆ ಸರಿಸಿ, ಒಂದು ತೂತು ಬಿಗಿಮಾಡಿ, ಹತ್ತು ನಿಮಿಷ ನಡೆದು ಮೈ ಬೆಚ್ಚಗಾದ ಮೇಲೆ ಓಟ ಶುರುಮಾಡಿ.

ನಿಖರತೆ ಬೇಕಿದ್ದರೆ ಎದೆಪಟ್ಟಿಯೇ ಸರಿ, ಅದು ಹೃದಯದ ವಿದ್ಯುತ್ ಸಂಕೇತವನ್ನೇ ಓದುತ್ತದೆ. ಕಟ್ಟುವ ಮುಂಚೆ ಒಳಗಿನ ಎರಡು ಪ್ಯಾಡುಗಳನ್ನು ನೀರಿನಲ್ಲಿ ಒದ್ದೆ ಮಾಡಿ. ಒಣ ಪ್ಯಾಡು, ಒಣ ಹವೆ, ಸಿಂಥೆಟಿಕ್ ಟೀ ಶರ್ಟು ಮೂರೂ ಸೇರಿದರೆ ಮೊದಲ ಹತ್ತು ನಿಮಿಷ 200 ದಾಟಿದ ಅಂಕಿ ಬಂದು ಸುಮ್ಮನೆ ಹೆದರಿಸುತ್ತದೆ. ಓಡಿ ಬಂದ ಮೇಲೆ ಪಟ್ಟಿಯನ್ನು ತಣ್ಣೀರಿನಲ್ಲಿ ಜಾಲಿಸಿ, ಗುಂಡಿಯಂತಿರುವ ಯಂತ್ರವನ್ನು ಬಿಚ್ಚಿ ಬೇರೆ ಇಡಿ. ಒದ್ದೆ ಪಟ್ಟಿಗೆ ಅಂಟಿಕೊಂಡೇ ಇದ್ದರೆ ಅದು ಇನ್ನೂ ಓಡುತ್ತಿದ್ದೇನೆಂದು ತಿಳಿದು ಸಿಆರ್2032 ಬ್ಯಾಟರಿ ತಿಂದುಹಾಕುತ್ತದೆ.

ಇಷ್ಟೆಲ್ಲ ಸರಿಮಾಡಿದ ಮೇಲೂ ಮಾರ್ಚ್–ಏಪ್ರಿಲ್‌ನಲ್ಲಿ ವಿಒ2 ಮ್ಯಾಕ್ಸ್ ಇಳಿಯುತ್ತದೆ. ಸೆಕೆಗೆ ಮೈ ತಣಿಸಲು ರಕ್ತ ಚರ್ಮದ ಕಡೆ ಹರಿಯುತ್ತದೆ, ಅದೇ ಪೇಸಿಗೆ ಬಡಿತ ಏರುತ್ತದೆ, ವಾಚು ಅದನ್ನು ಇಳಿಮುಖ ಎಂದು ಬರೆಯುತ್ತದೆ. ಸಮುದ್ರಮಟ್ಟದಿಂದ 900 ಮೀಟರ್ ಮೇಲಿರುವ ಬೆಂಗಳೂರಿನಿಂದ ಮಂಗಳೂರಿಗೋ ಉಡುಪಿಗೋ ಓಡಲು ಹೋದವರು ಆಮ್ಲಜನಕ ಹೆಚ್ಚು ಸಿಗುತ್ತದೆಂದು ಲೆಕ್ಕ ಹಾಕುತ್ತಾರೆ. ಕರಾವಳಿಯ ತೇವ ಆ ಲಾಭವನ್ನೆಲ್ಲ ನುಂಗಿಹಾಕುತ್ತದೆ. ಅಲ್ಲಿ ಮೊದಲ ಅರ್ಧ ದೂರವನ್ನು ಬೇಕೆಂದೇ ನಿಧಾನಕ್ಕೆ ಓಡುವುದು ಕ್ಷೇಮ.

ನೋಡಬೇಕಾದ ಅಂಕಿ ನನ್ನ ಪ್ರಕಾರ ಎರಡೇ. ಮೊದಲನೆಯದು ಬೆಳಗ್ಗೆ ಏಳುವಾಗಿನ ಬಡಿತದ ವಾರದ ಸರಾಸರಿ. ಅದಕ್ಕಿಂತ ಏಳೆಂಟು ಹೆಚ್ಚು ಎರಡು ದಿನ ಸತತ ಬಂದರೆ ಜ್ವರ, ನಿದ್ದೆಗೇಡು, ನೀರಿನ ಕೊರತೆ, ಯಾವುದೋ ಒಂದು ಇದೆ, ಓಟ ಬಿಟ್ಟು ನಡೆಯಿರಿ. ಎರಡನೆಯದು ತಿಂಗಳಿಗೊಮ್ಮೆ ಒಂದೇ ದಾರಿಯಲ್ಲಿ, ಒಂದೇ ಹೊತ್ತಿಗೆ, ಒಂದೇ ಬಡಿತದಲ್ಲಿ ಓಡಿದಾಗ ಬರುವ ಪೇಸ್. ಲಾಲ್‌ಬಾಗಿನ ಒಂದು ಸುತ್ತಾದರೂ ಸಾಕು. ದಿನಕ್ಕೆ 10,000 ಹೆಜ್ಜೆ ಎಂಬುದು 1965ರಲ್ಲಿ ಜಪಾನಿನಲ್ಲಿ ಹೆಜ್ಜೆ ಎಣಿಸುವ ಯಂತ್ರವೊಂದನ್ನು ಮಾರುವಾಗ ಹುಟ್ಟಿದ ಹೆಸರು, ವೈದ್ಯರ ಚೀಟಿಯಲ್ಲ. ಒಂದು ದಿನವೂ ತಪ್ಪದ ಸ್ಟ್ರೀಕ್ ಉಳಿಸಿಕೊಳ್ಳುವ ಹಟ ಹಿರಿಯರ ಮೀನಖಂಡಕ್ಕೂ ಹಿಮ್ಮಡಿಯ ಸ್ನಾಯುರಜ್ಜಿಗೂ ಶತ್ರು. ಜೋರು ಓಟದ ನಂತರ ಎರಡು ಮೂರು ದಿನ ಅಂತರ ಬೇಕೇ ಬೇಕು. ವಾಚು ಲೆಕ್ಕಕ್ಕೇ ಹಿಡಿಯದ ಕೆಲಸವೊಂದಿದೆ: ಮೆಟ್ಟಿಲಿನ ಅಂಚಿನಲ್ಲಿ ಮುಂಗಾಲಿಟ್ಟು ಹಿಮ್ಮಡಿ ಎತ್ತಿ ಇಳಿಸುವುದು. 15ರಂತೆ ಮೂರು ಸಲ ಮಂಡಿ ನೇರವಿಟ್ಟು, ಮೂರು ಸಲ ಬಾಗಿಸಿ, ವಾರಕ್ಕೆರಡು ದಿನ. ಈ ವಯಸ್ಸಿನಲ್ಲಿ ಹೊಸ ಶೂಗಿಂತ ಹೆಚ್ಚು ಕಾಪಾಡುವುದು ಅದೇ. ಕೆನಡಾದ ಎಡ್ ವಿಟ್‌ಲಾಕ್ 2004ರಲ್ಲಿ, 73ನೇ ವಯಸ್ಸಿನಲ್ಲಿ, ಟೊರಾಂಟೊ ವಾಟರ್‌ಫ್ರಂಟ್ ಮ್ಯಾರಥಾನನ್ನು 2:54:48ಕ್ಕೆ ಮುಗಿಸಿದರು. ಅವರ ಅಭ್ಯಾಸ ಬಹುಪಾಲು ಮನೆ ಹತ್ತಿರದ ಸ್ಮಶಾನದ ಸುತ್ತ, ಗಂಟೆಗಟ್ಟಲೆ, ನಿಧಾನವಾಗಿ.

ಓಟಕ್ಕೆ ಹೆಸರು ಕೊಡುವಾಗ ವಯಸ್ಸಿನ ವಿಭಾಗ ಓದಿ. ಕೆಲವು ಕಡೆ 45 ದಾಟಿದವರೆಲ್ಲ ಒಂದೇ ಗುಂಪು, ಕೆಲವು ಕಡೆ 60ಕ್ಕೆ, 65ಕ್ಕೆ ಬೇರೆ. 2008ರಲ್ಲಿ ಶುರುವಾದ ಬೆಂಗಳೂರಿನ ವರ್ಲ್ಡ್ 10ಕೆಯಲ್ಲಿ ಹಿರಿಯ ನಾಗರಿಕರ ಓಟವೇ ಪ್ರತ್ಯೇಕ ಇದೆ, ಆದರೆ ಅದು ಪಾಲ್ಗೊಳ್ಳುವ ಸಂತೋಷಕ್ಕೆ. ಸಮಯ ಬೇಕಾದವರು ಓಪನ್ 10ಕೆಗೇ ಸೇರಬೇಕು. ಬಹುಮಾನ ಗನ್ ಟೈಮಿಗೋ (ಓಟ ಶುರುವಾದ ಕ್ಷಣದಿಂದ ಎಣಿಸಿದ ಸಮಯ) ಚಿಪ್ ಟೈಮಿಗೋ (ನೀವು ಆರಂಭದ ಗೆರೆ ದಾಟಿದಾಗಿನಿಂದ ಎಣಿಸಿದ ಸಮಯ) ಎಂಬುದನ್ನೂ ನಿಯಮದಲ್ಲಿ ನೋಡಿ. ಗನ್ ಟೈಮ್ ಆಗಿದ್ದರೆ ಹಿಂದೆ ನಿಂತು ಗೆರೆಗೆ ಬರುವಷ್ಟರಲ್ಲೇ ಮೂರು ನಿಮಿಷ ಹೋಗಿರಬಹುದು. ಬಿಬ್ (ಓಟಗಾರನ ನಂಬರ್ ಚೀಟಿ) ಹಿಂದೆ ಅಂಟಿಸಿರುವ ಚಿಪ್ ಮಡಚಬಾರದು, ಅದರ ಮೇಲೆ ನೀರಿನ ಬಾಟಲಿ ಬೆಲ್ಟ್ ಬರಬಾರದು. ನೀರು ರೇಡಿಯೋ ಸಂಕೇತವನ್ನು ಹೀರಿಕೊಂಡು, ಗೆರೆಯಲ್ಲಿ ಹಾಸಿರುವ ಸಮಯ ಎಣಿಸುವ ಮ್ಯಾಟ್ ನಿಮ್ಮನ್ನು ಎಣಿಸದೇ ಹೋಗಬಹುದು. ನಾಲ್ಕೂ ಮೂಲೆಗೆ ಪಿನ್ ಹಾಕಿ ಎದೆಯ ಮೇಲೇ ಇರಲಿ.

ಸಕ್ಕರೆ ಕಾಯಿಲೆಗೆ ಗ್ಲಿಮೆಪಿರೈಡ್ ಮಾತ್ರೆ ಅಥವಾ ಇನ್ಸುಲಿನ್ ಇರುವವರು ಓಟದ ದಿನ ಬೆಳಗಿನ ಡೋಸನ್ನು ಏನು ಮಾಡಬೇಕೆಂದು ವಾರ ಮೊದಲೇ ವೈದ್ಯರನ್ನು ಕೇಳಿಕೊಳ್ಳಿ, ಜೇಬಿನಲ್ಲಿ ಗ್ಲೂಕೋಸ್ ಇರಲಿ. ಮಂಡಿ ನೋವಿಗೆಂದು ಓಟಕ್ಕೆ ಮೊದಲು ಐಬುಪ್ರೊಫೆನ್ ನುಂಗಬೇಡಿ, ಬೆವರಿ ನೀರು ಕಳೆದುಕೊಂಡ ಮೈಯಲ್ಲಿ ಅದು ಮೂತ್ರಪಿಂಡಕ್ಕೆ ಪೆಟ್ಟು. ಪ್ರತಿ ಮೇಜಿನಲ್ಲೂ ನಿಂತು ನೀರು ಕುಡಿಯುವುದೂ ನಿಧಾನಕ್ಕೆ ಓಡುವವರಿಗೆ ಅಪಾಯವೇ, ರಕ್ತದ ಉಪ್ಪು ತೆಳುವಾಗುತ್ತದೆ. ಲಾಂಗ್ ರನ್ನಿಗೆ ಮೊದಲೂ ನಂತರವೂ ತೂಕ ನೋಡಿ. ಒಂದು ಕಿಲೋ ಇಳಿದಿದ್ದರೆ ಸುಮಾರು ಒಂದು ಲೀಟರ್ ಕಳೆದಿದೆ, ತೂಕ ಏರಿದ್ದರೆ ಕುಡಿದದ್ದು ಹೆಚ್ಚಾಗಿದೆ. ಎದೆ ಹಿಡಿದಂತಾದರೆ, ದವಡೆಗೋ ಎಡಗೈಗೋ ನೋವಿಳಿದರೆ, ತಲೆ ಸುತ್ತಿದರೆ ವಾಚು ಏನೇ ಹೇಳಲಿ, ಅಲ್ಲೇ ನಿಂತು ಪಕ್ಕದವರನ್ನು ಕೂಗಿ. ವಾಚಿನ ಇಸಿಜಿ ಬಡಿತದ ತಾಳ ತಪ್ಪಿದ್ದನ್ನು ತೋರಿಸಬಲ್ಲದು, ಹೃದಯಾಘಾತವನ್ನು ಹಿಡಿಯುವುದಿಲ್ಲ.

ಬಿಬ್ ಹಿಂಬದಿಯಲ್ಲಿ ಹೆಸರು, ರಕ್ತದ ಗುಂಪು, ಮಾತ್ರೆಗಳು, ಮನೆಯವರ ನಂಬರು ಬರೆಯಲು ಜಾಗ ಇರುತ್ತದೆ, ಬಹಳ ಜನ ಖಾಲಿ ಬಿಡುತ್ತಾರೆ. ಜೆಲ್ ಪೆನ್ನಿನಲ್ಲಿ ಬರೆದರೆ ಬೆವರಿಗೆ ಕದಡಿ ಓದಲಾಗದಂತಾಗುತ್ತದೆ. ಪರ್ಮನೆಂಟ್ ಮಾರ್ಕರ್ ತೆಗೆದುಕೊಂಡು, ಪಿನ್ ಹಾಕುವ ಮುಂಚೆ, ಹಿಂದಿನ ರಾತ್ರಿಯೇ ಬರೆದಿಡಿ.